ಒಂದು ಗಂಟೆ ಮೊದಲು

ನಾಪೋಕ್ಲಿನಲ್ಲಿ ಸಂತೆಯ ದಿನ ಹಲ್ಲುನೋವೂ ಜಾಸ್ತಿ.
ಒಣಮೀನಿನ ಚೀಲ ಮೆಟ್ಟಿಲ ಕೆಳಗಿಟ್ಟು
ಒಬ್ಬೊಬ್ಬರಾಗಿ ಹತ್ತಿ ಬರುತ್ತಾರೆ
ಕೆನ್ನೆಗೆ ಅಂಗೈ ಕೊಟ್ಟು.
ನಾನು ಹೆಸರು ಬರೆಯುತ್ತೇನೆ, ವಯಸ್ಸು ಬರೆಯುತ್ತೇನೆ.
ಸಕ್ಕರೆ ಇದೆಯಾ, ಬಿಪಿ ಇದೆಯಾ,
ಹೃದಯದ ತೊಂದರೆ?

ಇಲ್ಲ, ಅಂದರು ಚೋಂದವ್ವ.
ಹಾಸ್ಟೆಲಿನ ಅರವತ್ತು ಹುಡುಗಿಯರಿಗೆ ಬೇಯಿಸುವ ಕೈ,
ಹೆಬ್ಬೆರಳಲ್ಲಿ ಹಳೆಯ ಸುಟ್ಟ ಗುರುತು.
ನನ್ನ ಹೃದಯವಾ? ಅರೆಯುವ ಕಲ್ಲು, ಎಂದು ನಕ್ಕರು.
ಊದಿದ ಬಲಗೆನ್ನೆ ಮಾತ್ರ ನಗಲಿಲ್ಲ.

ದವಡೆ ಹಲ್ಲು, ಕೀಳಲೇಬೇಕು.
ಡಾಕ್ಟರು ಕನ್ನಡಿ ಹಿಡಿದರು, ನಾನು ದೀಪ ತಿರುಗಿಸಿದೆ,
ಸಿರಿಂಜಿಗೆ ಮದ್ದು ತುಂಬಿ ಆಗಿತ್ತು.
ಕರೆಂಟು ಹೋಯಿತು.

ಕಂಪ್ರೆಸರ್ ನಿಂತಿತು, ಫ್ಯಾನು ನಿಂತಿತು,
ಕೆಳಗೆ ಜ್ಯೂಸಿನಂಗಡಿಯ ಮಿಕ್ಸಿ ನಿಂತಿತು.
ಆಗ ಕೇಳಿಸಿತು
ಟಿಕ್, ಟಿಕ್, ಟಿಕ್.
ಗೋಡೆ ಗಡಿಯಾರ ಸತ್ತು ಎರಡು ತಿಂಗಳು.
ಡಾಕ್ಟರು ವಾಚು ಕಟ್ಟುವುದಿಲ್ಲ.
ಚೋಂದವ್ವನ ಮಣಿಕಟ್ಟು ನೋಡಿದೆ:
ಎರಡು ಬಳೆ, ಅಷ್ಟೇ.
ಸದ್ದು ಬರುತ್ತಿದ್ದದ್ದು
ಭುಜಕ್ಕೆ ಪಿನ್ನು ಚುಚ್ಚಿದ ಸೆರಗಿನ ಅಡಿಯಿಂದ.

ಡಾಕ್ಟರು ಸಿರಿಂಜು ಕೆಳಗಿಟ್ಟರು.
ಅವ್ವಾ, ವಾಲ್ವ್ ಯಾವಾಗ ಹಾಕಿಸಿದ್ದು?

ಕತ್ತಲಲ್ಲಿ ಹೇಳುವುದು ಸುಲಭವೇನೋ.
ಒಂಬತ್ತರ ವಯಸ್ಸಿನಲ್ಲಿ ಗಂಟಲು ನೋವು,
ಆಮೇಲೆ ಮೊಣಕಾಲು ಊದಿ ಶಾಲೆ ತಪ್ಪಿದ್ದು,
ಯಾರೂ ಅದನ್ನು ಎದೆಗೆ ಜೋಡಿಸಲಿಲ್ಲ.
ನಲವತ್ತಾದ ಮೇಲೆ ಏರಿನಲ್ಲಿ ಉಸಿರು ಸಿಗದೆ
ಮೈಸೂರಿನಲ್ಲಿ ಎದೆ ತೆರೆದು
ಒಂದು ಲೋಹದ ಬಾಗಿಲು ಕೂರಿಸಿದರು.
ರಕ್ತ ತೆಳುವಾಗಿಸುವ ಮಾತ್ರೆ ಈಗಲೂ ಇದೆ.
ಹೇಳಿದರೆ ನೀವು ಕೀಳುವುದಿಲ್ಲ, ಅಂದರು.
ಮಡಿಕೇರಿಗೆ ಹೋಗು, ಮೈಸೂರಿಗೆ ಹೋಗು.
ನಾಳೆ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವವರು ಯಾರು?

ಲಾರಿ ಓಡಿಸುತ್ತಿದ್ದ ಹಂಸನ ಸುದ್ದಿ ನಾನು ಎತ್ತಲಿಲ್ಲ.
ಅವತ್ತು ಸಾಲು ಉದ್ದವಿತ್ತು.
ಕೇಳದೆಯೇ ಒಂದು ಗೀಟು ಎಳೆದಿದ್ದೆ
ಹೃದಯ ಎಂಬ ಪದದ ಮುಂದೆ.
ಹಲ್ಲು ಸಲೀಸಾಗಿ ಬಂತು.
ಆಮೇಲೆ ಸಂಜೆ ಸಂಜೆ ಬರುವ ಸಣ್ಣ ಜ್ವರ.
ಮಲೇರಿಯಾ ಅಂದರು, ಟೈಫಾಯ್ಡ್ ಅಂದರು,
ತಿಂಗಳು ಕಳೆದು ಸ್ಕ್ಯಾನಿನಲ್ಲಿ ಕಂಡಿತಂತೆ:
ಅವನಿಗೂ ಇತ್ತು ಹಾಕಿಸಿದ ವಾಲ್ವ್,
ಬಾಯಿಯ ಕ್ರಿಮಿಗಳು ಹಲ್ಲಿನ ಗುಣಿಯಿಂದ ರಕ್ತಕ್ಕಿಳಿದು
ಅದರ ಅಂಚಿನಲ್ಲಿ ಬೇರುಬಿಟ್ಟಿದ್ದವು,
ಹಲಸಿನ ಕೊಂಬೆಗೆ ಬಂದಳಿಕೆ ಹಿಡಿದ ಹಾಗೆ.
ಅವನ ಚೀಟಿ ಇನ್ನೂ ನನ್ನ ಡ್ರಾಯರಿನಲ್ಲಿದೆ.
ಆ ಗೀಟು ನನ್ನದೇ ಕೈ.

ಚೋಂದವ್ವನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.
ಡಾಕ್ಟರು ಮೈಸೂರಿಗೆ ಫೋನು ಹಚ್ಚಿದರು,
ಲ್ಯಾಬಿನವಳು ಬಂದು ರಕ್ತ ತೆಗೆದಳು,
ಪೆನಿಸಿಲಿನ್ ಒಗ್ಗುತ್ತದೆಯೇ ಎಂದು ಎರಡೆರಡು ಸಲ ಕೇಳಿದ್ದಾಯಿತು.
ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ
ನಾಲ್ಕು ಕ್ಯಾಪ್ಸೂಲ್, ಒಟ್ಟಿಗೆ, ಒಂದು ಲೋಟ ನೀರು.
ಇನ್ನು ಒಂದು ಗಂಟೆ ಕೂರಬೇಕು, ಅಂದೆ.
ಸುಮ್ಮನೆಯಾ?
ಸುಮ್ಮನೆ.

ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು.
ನನ್ನ ಚೀಲದಿಂದ ಹುರುಳಿಕಾಯಿ ಎಳೆದುಕೊಂಡು
ನಾರು ತೆಗೆಯುತ್ತಾ ಕೂತರು.
ಅತ್ತ ಮದ್ದು ರಕ್ತದಲ್ಲಿ ಹರಡುತ್ತಿತ್ತು,
ಬಾಗಿಲಿಗೆ ಮೊದಲೇ ಕಾವಲು ತಲುಪಬೇಕು,
ಕಳ್ಳ ಬಂದ ಮೇಲಲ್ಲ.
ಹತ್ತಕ್ಕೆ ಹಲ್ಲು ಬಂತು. ಕಾಳಷ್ಟು ಹಲ್ಲು.

ಮದ್ದು ಇವತ್ತಿಗೆ, ಅಂದರು ಡಾಕ್ಟರು, ಬ್ರಷ್ಷು ದಿನಾ.
ಒಸಡು ಒಸರಿದರೆ ಅದೂ ಒಂದು ಕಿಂಡಿ.
ಮುಂದೆ ಯಾರ ಕುರ್ಚಿಯಲ್ಲಿ ಕೂತರೂ ಮೊದಲ ಮಾತು ವಾಲ್ವಿನದ್ದು.
ಬಾಯಲ್ಲಿ ಹತ್ತಿ ಕಚ್ಚಿಕೊಂಡು
ಚೋಂದವ್ವ ಹೂಂ ಅಂದರು,
ಆಮೇಲೆ ಬೆರಳಲ್ಲಿ ತೋರಿಸಿದರು, ಹುರುಳಿಕಾಯಿ ಕಡೆ:
ಬಲಿತಿದೆ, ಇನ್ನೊಮ್ಮೆ ನೋಡಿ ತಗೋ.

ಗೋಡೆ ಗಡಿಯಾರಕ್ಕೆ ಸೆಲ್ಲು ತಂದಿದ್ದೇನೆ, ಹಾಕಿಲ್ಲ.
ಈಗ ನಾನು ಎರಡು ಸಲ ಕೇಳುತ್ತೇನೆ,
ಬೇರೆ ಬೇರೆ ಮಾತಿನಲ್ಲಿ.
ಕರೆಂಟು ಹೋದರೆ
ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು
ಬೆಂಚಿನ ಮೇಲಿನ ಎಲ್ಲರ ಕಡೆ ಕಿವಿಗೊಡುತ್ತೇನೆ.